ಧಡಪಡ್ಯಾನ ಒಂಟಿಗಾಲ ಕುಣಿತ

ಹಿತ್ತಾಳೆಯ ಪರಾತವನ್ನು ಹಾಸುಗಲ್ಲಿನ ಮೇಲೆ ಇಟ್ಟ ಸದ್ದು ಕೇಳಿದರೆ ಇವತ್ತಿಗೂ ನನ್ನ ಎದೆ ಧಸಕ್ಕೆನ್ನುತ್ತದೆ. ಮೊನ್ನೆ ಉದಗೀರದಲ್ಲಿ ನೆಂಟರ ಮನೆಯ ಪಾದಪೂಜೆಗೆ ಹೋಗಿದ್ದೆ. ಆ ಅಗಲ ತಾಟಿನಲ್ಲಿ ಸ್ವಾಮಿಗಳು ಕಾಲಿಟ್ಟು ಕೂತಿದ್ದರು. ಮನೆಯಾಕೆ ತಂಬಿಗೆ ಬಗ್ಗಿಸುವ ಮೊದಲೇ ನಾನು ಮುಂದೆ ಹೋಗಿ ನೀರಿಗೆ ಬೆರಳು ಅದ್ದಿಬಿಟ್ಟೆ. ನೀರು ತಣ್ಣಗಿತ್ತು. ಇವಳಿಗೇನಾಯಿತೆಂದು ಎಲ್ಲರೂ ನೋಡಿದರು. ಅವರಿಗೆ ಹೇಳಲಾಗಲಿಲ್ಲ, ನಿಮಗೆ ಹೇಳುತ್ತೇನೆ.

ಮಹಾರಾಷ್ಟ್ರದ ಗಡಿಯೂರು ನಿಲಂಗಾದಲ್ಲಿ ನಮ್ಮದು ಜಂಗಮರ ಮನೆ. ಈಗ ಅಲ್ಲಿ ಯಾರದೋ ಮೊಬೈಲ್ ಅಂಗಡಿ ಇದೆ. ನಾನು ಚಿಕ್ಕವಳಿದ್ದಾಗ ಅಪ್ಪನ ತಮ್ಮ ಸಿದ್ಧಯ್ಯ ಕಾಕಾ ಸುತ್ತಲಿನ ಭಕ್ತರ ಮನೆಗಳಿಗೆ ಪೂಜೆಗೆ ಹೋಗುತ್ತಿದ್ದ. ಹೊರಗೆ ವಿಭೂತಿ, ರುದ್ರಾಕ್ಷಿ, ಗಂಭೀರ ಮುಖ. ಮನೆಯೊಳಗೆ ಬಂದರೆ ಶುದ್ಧ ಮಂಗ. ಶನಿವಾರ ಮಧ್ಯಾಹ್ನ ಹುರಿದ ಶೇಂಗಾ ತಿನ್ನುತ್ತ ನಾವಿಬ್ಬರೂ ಟೀವಿಯಲ್ಲಿ ಹಳೆಯ ಮರಾಠಿ ಚಿತ್ರ ನೋಡುತ್ತಿದ್ದೆವು. ಸದಾ ಎಡವಿ ಬೀಳುವ ಒಬ್ಬ ನಗೆನಟನಿಗೆ ಕಾಕಾ ಧಡಪಡ್ಯಾ ಎಂದು ಹೆಸರಿಟ್ಟಿದ್ದ. ಅವನ ಪ್ರತಿ ಚಿತ್ರದಲ್ಲೂ ಒಂದು ಆಟ ಇರಲೇಬೇಕು. ಕುದಿಯುವ ಚಹಾ ಕಾಲ ಮೇಲೆ ಚೆಲ್ಲುತ್ತದೆ, ಅವನು ಒಂಟಿಗಾಲಲ್ಲಿ ಮನೆಯೆಲ್ಲ ಕುಣಿಯುತ್ತಾನೆ. ಕಪ್ಪುಬಿಳುಪಿನ ಚಿತ್ರಗಳಲ್ಲಿ ಚಹಾ ಬೀಳುವ ಮೊದಲೇ ಹಾರುತ್ತಿದ್ದ. ನಮಗೆ ನಗು ಬರುತ್ತಿದ್ದದ್ದೇ ಅದಕ್ಕೆ. ಬಣ್ಣದ ಚಿತ್ರಗಳ ಹೊತ್ತಿಗೆ ಅವನ ಮುಖ ಇಳಿದಿತ್ತು, ಅಂಗಿ ಜೋತುಬಿದ್ದಿತ್ತು. ಒಂದು ಶನಿವಾರ ಅಂಥದೊಂದು ಬಣ್ಣದ ಚಿತ್ರ ನೋಡಿ ನಾನು ನಗುತ್ತಲೇ ಇದ್ದೆ, ಕಾಕಾ ಟೀವಿಯ ಕಡೆ ಬೆರಳು ಮಾಡಿದ.

"ಗಂಗೂ, ನೆಟ್ಟಗ ನೋಡು. ಮದಲ ಕೆಳಗ ನೋಡ್ತಾನ, ಆಮ್ಯಾಗ ಹಾರ್ತಾನ."

"ಯಾಕ ಕಾಕಾ?"

"ಅಂವನ ಕಾಲಿಗಿ ಬಿಸಿ ಗೊತ್ತಾಗವಲ್ದು. ಸಕ್ಕರಿ ಬ್ಯಾನಿ. ಕಣ್ಣಿಲೆ ನೋಡಿ ತಿಳಕೋಬೇಕು. ಅಂದ್ರೂ ನಗಸೂದು ಬಿಟ್ಟಿಲ್ಲ ನೋಡು."

ಇದು ಕಾಕಾನಿಗೆ ಹೇಗೆ ಗೊತ್ತಾಯಿತೆಂದು ನಾನು ಕೇಳಲಿಲ್ಲ. ಆದರೆ ಅಂದಿನಿಂದ ನನ್ನ ನೆಮ್ಮದಿ ಹೋಯಿತು. ಕಾಕಾ ಹೊಸ್ತಿಲು ದಾಟುವಾಗಲೂ ಕೆಳಗೆ ನೋಡುತ್ತಿದ್ದ, ಚಪ್ಪಲಿ ಮೆಟ್ಟುವಾಗಲೂ ಕೆಳಗೆ ನೋಡುತ್ತಿದ್ದ. ಒಂದು ದಿನ ಬಲಗಾಲಿನ ಚಪ್ಪಲಿ ಅಂಗಳದಲ್ಲೇ ಕಳಚಿ ಉಳಿದಿತ್ತು. ಅದು ತಿಳಿಯದೆ ಬಜಾರಿನವರೆಗೂ ಹೋಗಿ ಬಂದ. ಮನೆಯವರೆಲ್ಲ ನಕ್ಕರು. ನಾನು ಆ ಚಪ್ಪಲಿ ತಂದು ಅವನ ಕಾಲ ಬಳಿ ಇಟ್ಟೆ.

ಆ ಚಳಿಗಾಲದಲ್ಲಿ ಶಿರೂರ ಅನಂತಪಾಳದ ಕಡೆಯ ಒಂದು ಒಕ್ಕಲು ಮನೆಯ ಪಾದಪೂಜೆಗೆ ಕಾಕಾ ನನ್ನನ್ನೂ ಕರೆದುಕೊಂಡು ಹೋದ. ಮನೆಯೊಡತಿ ಶಾಂತಾಬಾಯಿ ಭಾರೀ ಭಕ್ತಿಯ ಹೆಂಗಸು. ಅಯ್ಯನವರ ಪಾದಕ್ಕೆ ಚಳಿ ಹತ್ತಬಾರದೆಂದು ನೀರು ಕಾಸಿದ್ದಳು, ಗಡಿಬಿಡಿಯಲ್ಲಿ ತಣ್ಣೀರು ಬೆರೆಸುವುದನ್ನು ಮರೆತಿದ್ದಳು. ಕಾಕಾ ಕಣ್ಣು ಮುಚ್ಚಿ ಮಂತ್ರ ಹೇಳುತ್ತಿದ್ದ. ಸೆರಗು ಸುತ್ತಿ ಹಿಡಿದ ತಂಬಿಗೆಯನ್ನು ಬಲಪಾದದ ಮೇಲೆ ಸುರಿದಳು, ಪರಾತದಿಂದ ಹಬೆ ಎದ್ದಿತು. ಪಾದ ತಿಕ್ಕಲು ಹೋದವಳು ಚುರ್ ಎಂದು ಕೈ ಹಿಂದೆಳೆದುಕೊಂಡಳು. ಕಾಕಾನ ಪಾದ ಅಲುಗಲಿಲ್ಲ.

"ಅಯ್ಯನೋರಿಗಿ ಬೆಂಕಿ ಸೈತ ಹತ್ತಂಗಿಲ್ಲ. ಖರೇವಂದ್ರ ಶಿವನೇ ಬಂದು ಕುಂತಾನ," ಎಂದು ಹಣೆ ನೆಲಕ್ಕೆ ಹಚ್ಚಿದಳು. ಮನೆಮಂದಿಯೆಲ್ಲ ಅಡ್ಡಬಿದ್ದರು. ಕಾಕಾ ಕಣ್ಣು ತೆರೆದು ಕೆಳಗೆ ನೋಡಿದ. ಚರ್ಮ ಕೆಂಪಗಾಗಿತ್ತು. ಆಮೇಲೆ ನನ್ನನ್ನು ನೋಡಿದ. ಹಾರಲಿಲ್ಲ, ಕೈ ಎತ್ತಿ ಆಶೀರ್ವಾದ ಮಾಡಿದ.

"ಮನ್ಯಾಗ ಹೇಳಬ್ಯಾಡ ತಂಗಿ. ಆ ಹೆಣ್ಮಗಳು ಜೀವಕ್ಕ ಹಚ್ಕೋತಾಳ," ಎಂದು ಬಸ್ಸಿನಲ್ಲಿ ಹೇಳಿದ. ನಾನು ಐದು ದಿನ ಬಾಯಿ ಬಿಡಲಿಲ್ಲ. ಆರನೆಯ ದಿನ ಬಟ್ಟೆ ಸುತ್ತಿದ ಕಾಲಿನಿಂದ ವಾಸನೆ ಬಂದಾಗ ಹೆದರಿ ಅವ್ವನಿಗೆ ಹೇಳಿದೆ. ಅಷ್ಟರಲ್ಲಿ ತಡವಾಗಿತ್ತು. ದವಾಖಾನೆಯಲ್ಲಿ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಆ ಐದು ದಿನಗಳ ಭಾರವನ್ನು ನಾನು ಇನ್ನೂ ಎಲ್ಲಿಯೂ ಇಳಿಸಿಲ್ಲ.

ಸುದ್ದಿ ತಿಳಿದು ಶಾಂತಾಬಾಯಿ ಬಂದಳು. ಪಡಸಾಲೆಯಲ್ಲಿ ಕೂತು, "ನನ್ನ ಕೈಲೆ ನಾನೇ ಸುಟ್ಟೆನ್ರೀ ಅಯ್ಯನೋರ," ಎಂದು ಹಣೆ ಬಡಿದುಕೊಂಡಳು. ಎಷ್ಟು ಹೇಳಿದರೂ ಅಳು ನಿಲ್ಲಲಿಲ್ಲ. ಆಗ ಕಾಕಾ ಚಹಾದ ಕಪ್ಪು ಬದಿಗಿಟ್ಟು, ಗೋಡೆ ಹಿಡಿದು ಎದ್ದ. ಕಣ್ಣು ಗರಗರ ತಿರುಗಿಸಿ, ಬಾಯಿ ಓರೆ ಮಾಡಿ, ಉಳಿದ ಒಂದೇ ಕಾಲಲ್ಲಿ ಗೋಡೆಯಿಂದ ಕಂಬದವರೆಗೆ ಧಡಪಡ್ಯಾನ ಕುಣಿತ ಕುಣಿದ. ಶಾಂತಾಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳುತ್ತಲೇ ನಕ್ಕುಬಿಟ್ಟಳು. ಅವ್ವನೂ ನಕ್ಕಳು. ಈಗ ಬೀಳುತ್ತಾನೆ, ಈಗ ಬೀಳುತ್ತಾನೆ ಎಂದು ನಾನು ಎರಡೂ ಕೈ ಚಾಚಿ ನಿಂತಿದ್ದೆ. ಕಂಬವನ್ನು ತಬ್ಬಿ ಏದುಸಿರು ಬಿಡುತ್ತ ಕಾಕಾ ನನ್ನ ಮುಖ ನೋಡಿದ.

"ಗಂಗೂ, ನಿನಗ ನಗಿ ಬರ್ಲಿಲ್ಲೇನು?"

ಬಂದಿರಲಿಲ್ಲ. ಮುಂದಿನ ಯುಗಾದಿಗೆ ಕಾಕಾ ಇರಲಿಲ್ಲ. ಈಗ ಫೋನಿನಲ್ಲಿ ಆ ಬಣ್ಣದ ಚಿತ್ರದ ತುಣುಕು ಬರುತ್ತದೆ, ನನ್ನ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ಕಾಕಾನ ಸಲುವಾಗಿ ಒಮ್ಮೆಯಾದರೂ ನಗಬೇಕೆಂದು ನಾನೂ ಕೂರುತ್ತೇನೆ. ಚಹಾ ಚೆಲ್ಲುತ್ತದೆ, ಧಡಪಡ್ಯಾ ಕೆಳಗೆ ನೋಡುತ್ತಾನೆ. ಅವನು ಹಾರುವ ಮೊದಲೇ ನನ್ನ ಬೆರಳು ಹೋಗಿ ಚಿತ್ರವನ್ನು ನಿಲ್ಲಿಸಿಬಿಡುತ್ತದೆ.