ಪಕ್ಕದ ಸೀಟಿನ ಅಳತೆ

ನಮ್ಮ ದ್ವೀಪದ ಕಾರ್ದೆನಾಸ್ ಊರಿನಲ್ಲಿ ಕಾರಿನ ಎಂಜಿನ್ ಕೆಟ್ಟರೆ ರಿಪೇರಿಗೆ ಬೀದಿಗೊಬ್ಬ ಸಿಗುತ್ತಾನೆ. ಸೀಟು ಕೆಟ್ಟರೆ ಮಾತ್ರ ನೆರೇಯ್ದಾ ಬೋಸಾ ಒಬ್ಬಳೇ ಗತಿ. ಅರವತ್ತೆರಡರ ಹೆಂಗಸು. ಸೂಜಿ ಚುಚ್ಚಿ ಚುಚ್ಚಿ ಹೆಬ್ಬೆರಳು ಕಲ್ಲಾಗಿದೆ, ನಾಲಿಗೆ ಸೂಜಿಗಿಂತ ಚೂಪು. ಅಪ್ಪ ಕುದುರೆಗಾಡಿಗಳಿಗೆ ಮೆತ್ತೆ ಹೊಲಿಯುತ್ತಿದ್ದ. ಮಗಳು ನಮ್ಮ ತಾತಂದಿರ ಕಾಲದ ಅಮೆರಿಕನ್ ಕಾರುಗಳಿಗೆ ಹೊಲಿಯುತ್ತಾಳೆ. ಆ ಕಾರುಗಳ ಎಂಜಿನ್ ರಷ್ಯಾದ್ದು, ಬ್ರೇಕು ಎಲ್ಲಿಯದೋ ದೇವರಿಗೇ ಗೊತ್ತು. ಕೂರುವ ಜಾಗವಾದರೂ ನೆಟ್ಟಗಿರಲಿ ಎಂದು, ಅಪಘಾತದಲ್ಲಿ ನುಜ್ಜುಗುಜ್ಜಾದ ಹೊಸ ಕಾರುಗಳ ಸೀಟು ತಂದು ಹಳೆಯದಕ್ಕೆ ಕೂರಿಸುವುದು ಅವಳ ಕಸುಬು.

ಕೂತವರ ಮೈ ಓದುವುದು ಅವಳ ಇನ್ನೊಂದು ವಿದ್ಯೆ. ಬಟ್ಟೆ ಸುಲಿದು ಒಳಗಿನ ಸ್ಪಂಜಿನ ಮೇಲೆ ಅಂಗೈ ಆಡಿಸಿದರೆ ಸಾಕು, ಕೂತು ಕೂತು ಬಿದ್ದ ಗುಂಡಿ ನೋಡಿ ಕೂತವರ ಜಾತಕ ಹೇಳಿಬಿಡುತ್ತಾಳೆ. "ನಿನ್ ಗಂಡ ಹಿಂದಿನ ಜೇಬಲ್ಲಿ ದಪ್ಪ ಪರ್ಸು ಇಟ್ಕೊಂಡು ಕೂರ್ತಾನೆ ಕಣೇ. ಬೆನ್ನುನೋವಿಗೆ ಔಷಧಿ ಬೇಡ, ಪರ್ಸು ಕಿತ್ಕೋ" ಎಂದು ಗಿರಾಕಿಗಳ ಹೆಂಡಿರಿಗೆ ಹೇಳಿ ಕಳಿಸುತ್ತಾಳೆ. ಕೆಲಸದ ವಿಷಯದಲ್ಲಿ ಅವಳು ಸುಳ್ಳಾಡಿದ್ದನ್ನು ಕೇಳಿದವರಿಲ್ಲ. ಜೊತೆಗೆ ಒಂದು ಹಟ: ಯಾರಾದರೂ ಸತ್ತ ಸೀಟನ್ನು ಮುಟ್ಟುವುದಿಲ್ಲ. ಮಾರುವವನು ಸೀಟಿನ ಮೇಲೆ ಕೈಯಿಟ್ಟು "ಇದರಲ್ಲಿ ಯಾರೂ ಸತ್ತಿಲ್ಲ" ಅನ್ನಬೇಕು. ಅಲ್ಲಿಯವರೆಗೆ ಅವಳು ಕತ್ತರಿ ಹಿಡಿಯುವುದಿಲ್ಲ.

ಮಾರ್ಚಿನ ಒಂದು ಬೆಳಿಗ್ಗೆ ಮುದುಕ ಎಲಿಹಿಯೊ ತನ್ನ ಐವತ್ತೊಂದರ ಮಾಡಲ್ ಪ್ಲಿಮತ್ ಕಾರನ್ನು ಅವಳ ಜಗಲಿಯ ಮುಂದೆ ತಂದು ನಿಲ್ಲಿಸಿದ. ವರದೇರೊ ಕಡಲತೀರಕ್ಕೆ ಜನ ತುಂಬಿಕೊಂಡು ಹೋಗಿಬರುವ ಟ್ಯಾಕ್ಸಿ ಅದು. ಮೂವತ್ತು ವರ್ಷ ಅವನ ಬಲಪಕ್ಕದಲ್ಲಿ ಹೆಂಡತಿ ಸೊಯ್ಲಾ ಕೂತು, ಅರ್ಧ ದಾರಿ ಜನರನ್ನು ಕೂಗುತ್ತ, ಇನ್ನರ್ಧ ದಾರಿ ಗಂಡನನ್ನು ಬೈಯುತ್ತ ಬರುತ್ತಿದ್ದಳು. ಹೋದ ವರ್ಷ ಅವಳು ತೀರಿಕೊಂಡಳು. ಅಂದಿನಿಂದ ಮುದುಕ ಗಾಡಿ ತೆಗೆದಿರಲಿಲ್ಲ. ಒಲೆ ಹಚ್ಚುವುದನ್ನೂ ಬಿಟ್ಟು, ಕಾಫಿಗೆ ಒಣ ಬ್ರೆಡ್ಡು ಅದ್ದಿ ತಿಂದು ಎಲುಬಿನ ಗೂಡಾಗಿದ್ದ.

"ಆ ಪಕ್ಕದ ಗುಂಡಿ ನೋಡ್ಕೊಂಡು ಗಾಡಿ ಓಡ್ಸೋಕಾಗಲ್ಲ ನೆರೇಯ್ದಾ. ಅದನ್ನ ತೆಗೆದು ಹೊಸದು ಹಾಕ್ಬಿಡು" ಎಂದ.

ಮುಂದೆ ಓಡಿಸುವವನಿಗೂ ಪಕ್ಕದವರಿಗೂ ಸೇರಿ ಅಡ್ಡಲಾಗಿ ಉದ್ದಕ್ಕೆ ಒಂದೇ ಸೀಟು. ಬಟ್ಟೆ ಸುಲಿದಾಗ ಸೊಯ್ಲಾಳ ಗುಂಡಿ ಎದುರಿಗೆ ಬಂತು. ಎಡ ಅಂಚು ಪೂರ್ತಿ ಕುಸಿದಿತ್ತು, ಎಂಜಿನ್ ಗದ್ದಲದಲ್ಲಿ ಗಂಡನ ಕಿವಿಗೆ ಬೈಗುಳ ಮುಟ್ಟಿಸಲು ವಾಲಿ ವಾಲಿ ಆದ ಗುಂಡಿ. ನೆರೇಯ್ದಾ ಅದನ್ನು ಕೊಯ್ಯುವ ಮೊದಲು ಅದರ ಮೇಲೆ ಒಮ್ಮೆ ಅಂಗೈ ಆಡಿಸಿದಳು. ಆಮೇಲೆ ಸೀಟನ್ನು ಎರಡು ಮಾಡಿ, ಗುಜರಿ ಅಂಗಡಿಯ ಲಿವಾನ್ ತಂದುಕೊಟ್ಟ ಬಾಡಿಗೆ ಕಾರಿನ ಒಂಟಿ ಸೀಟನ್ನು ಬಲಕ್ಕೆ ಕೂರಿಸಿದಳು. ಲಿವಾನ್ ಕೈಯಿಟ್ಟು ಹೇಳಬೇಕಾದ್ದನ್ನು ಹೇಳಿಯೇ ಹೋಗಿದ್ದ.

ಆ ಸೀಟಿನ ಸ್ಪಂಜಿನಡಿ ಒಂದು ತೆಳ್ಳನೆಯ ಹಾಸು, ಅದಕ್ಕೆ ಎರಡು ತಂತಿ. ಯಾರಾದರೂ ಕೂತರೆ ಆ ಭಾರಕ್ಕೆ ಮುಂದೆ ಕೆಂಪು ದೀಪ ಹತ್ತಿ ಬೆಲ್ಟು ಹಾಕಿಕೋ ಎಂದು ಎಚ್ಚರಿಸುವ ಹೊಸ ಕಾಲದ ವೈಯಾರ. ನಮ್ಮೂರಿನಲ್ಲಿ ಕೆಲಸ ಮಾಡುವ ವಸ್ತುವನ್ನು ಯಾರೂ ಬಿಸಾಡುವುದಿಲ್ಲ. ನೆರೇಯ್ದಾ ಬೆಲ್ಟನ್ನೂ ಹಾಕಿದಳು, ಬೆಲ್ಟು ಹಾಕಿದ್ದರೂ ಭಾರ ಬಿದ್ದರೆ ಹತ್ತುವಂತೆ ದೀಪವನ್ನೂ ಜೋಡಿಸಿದಳು.

ಎರಡು ತಿಂಗಳಾದ ಮೇಲೆ ಎಲಿಹಿಯೊ ಬಂದಾಗ ಅವಳಿಗೆ ಗುರುತೇ ಸಿಗಲಿಲ್ಲ. ಗಡ್ಡ ಬೋಳಿಸಿದ್ದ, ಇಸ್ತ್ರಿ ಅಂಗಿ ತೊಟ್ಟಿದ್ದ, ಕೆನ್ನೆ ತುಂಬಿತ್ತು.

"ಏನಯ್ಯಾ ಮುದುಕಾ, ಎರಡನೇ ಮದುವೆನಾ?"

"ಮೊದಲನೆಯವಳೇ ವಾಪಸ್ ಬಂದಿದಾಳೆ ಕಣೇ" ಎಂದ ಅವನು, ನಗದೆ.

ವರದೇರೊದಿಂದ ಬರುವಾಗ ಕತ್ತಾಳೆ ಹೊಲಗಳ ತಿರುವಿನಲ್ಲಿ ಖಾಲಿ ಸೀಟಿನ ದೀಪ ಹತ್ತುತ್ತದಂತೆ. ಮನೆ ಬಾಗಿಲಿಗೆ ಬಂದು ನಿಂತರೆ ಆರುತ್ತದಂತೆ. ದಿನಾ ಹೀಗೇ. ಸೊಯ್ಲಾಳ ತವರೂರು ಆ ತಿರುವಿನ ಹತ್ತಿರವೇ. ಆ ಸೀಟಿನಲ್ಲಿ ಅವನು ಯಾರನ್ನೂ ಕೂರಿಸುತ್ತಿರಲಿಲ್ಲ. ಹಿಂದೆ ಐದು ಜನ ಒಬ್ಬರ ತೊಡೆ ಮೇಲೆ ಒಬ್ಬರು ಕೂತು ಗೊಣಗಿದರೂ ಸರಿಯೇ.

"ತಂತಿ ಒದ್ದೆ ಆಗಿರುತ್ತೆ. ಕಡಲ ಗಾಳಿ" ಎಂದಳು ನೆರೇಯ್ದಾ. ಸೀಟಿನಡಿಯಿಂದ ಬಿಚ್ಚಿ ನೋಡಿದಳು. ತಂತಿ ಒಣಗಿತ್ತು, ಹಾಸು ಚೆನ್ನಾಗಿತ್ತು. ಕೈಯಿಂದ ಒತ್ತಿದರೆ ದೀಪ ಹತ್ತುತ್ತಿತ್ತು, ಬಿಟ್ಟರೆ ಆರುತ್ತಿತ್ತು. ಕೊನೆಗೆ ಅವಳೇ ಹಿಂದಿನ ಸೀಟಿನಲ್ಲಿ ಕೂತು ಹೊರಟಳು.

ನಡುಮಧ್ಯಾಹ್ನ. ರಸ್ತೆಯ ಎರಡೂ ಕಡೆ ಕತ್ತಾಳೆ ಮುಳ್ಳು ಚಾಚಿ ನಿಂತಿತ್ತು, ನೆರಳೆಂಬುದೇ ಇರಲಿಲ್ಲ. ಹೊರಡುವಾಗಲೇ ಎಲಿಹಿಯೊ ಖಾಲಿ ಸೀಟಿಗೆ ಬೆಲ್ಟು ಹಾಕಿದ್ದ. ಅದು ಸೀಟಿಗೆ ಅಂಟಿ ಮಲಗಿತ್ತು. ವಾಪಸ್ ಬರುತ್ತ ತಿರುವಿಗೆ ಬಂದಾಗ ದೀಪ ಹತ್ತಿತು. ಅದಕ್ಕೆ ಅವಳು ಸಿದ್ಧಳಾಗಿದ್ದಳು. ಬೆಲ್ಟಿಗೆ ಸಿದ್ಧಳಾಗಿರಲಿಲ್ಲ. ಅದು ಮೆಲ್ಲಗೆ ಸೀಟಿನಿಂದ ಮೇಲೆದ್ದು, ಒಂದು ಗೇಣು ಮುಂದೆ ಬಂದು, ಬಿಗಿಯಾಗಿ ನಿಂತಿತು. ಅವಳಿಗೆ ಬೆನ್ನ ಬೆವರು ಆರಿ ಚಳಿ ಹತ್ತಿತು. ಮುದುಕ ಮಾತ್ರ ರಸ್ತೆಯ ಗುಂಡಿ ತಪ್ಪಿಸಿ ತಪ್ಪಿಸಿ, ಬಸುರಿಯನ್ನು ಕರೆದೊಯ್ಯುವವನಂತೆ ಗಾಡಿ ಬಿಡುತ್ತಿದ್ದ.

ಇಳಿದವಳೇ ನೇರ ಲಿವಾನ್‌ನ ಗುಜರಿಗೆ ನುಗ್ಗಿದಳು.

"ನನ್ ಮುಖ ನೋಡಿ ಹೇಳೋ, ಕಳ್ಳಾ. ಆ ಸೀಟಲ್ಲಿ ಯಾರಿದ್ರು?"

ಲಿವಾನ್ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ. "ರಕ್ತ ಒಂದ್ ಹನಿ ಇರಲಿಲ್ಲ ಅಕ್ಕಾ, ಆಣೆ. ಅದಕ್ಕೇ ಹೇಳಲಿಲ್ಲ."

"ಯಾರು ಅಂದೆ."

"ಯಾವುದೋ ಚಳಿ ದೇಶದ ಹುಡುಗಿ. ಸಣ್ಣ ಪ್ರಾಯ. ಕತ್ತಾಳೆ ತಿರುವಲ್ಲಿ ಕಾರು ಉರುಳ್ತು. ಓಡಿಸ್ತಿದ್ದೋನು ಬದುಕಿದ, ಊರಿಗೆ ಹೋದ."

ಅವಳು ಅವನ ಸ್ಪ್ಯಾನರನ್ನು ಚರಂಡಿಗೆ ಎಸೆದು ಮನೆಗೆ ಬಂದಳು. ಅಂದು ಊಟ ಸೇರಲಿಲ್ಲ. ಮುದುಕ ಮತ್ತೆ ಒಲೆ ಹಚ್ಚುತ್ತಿದ್ದಾನೆ, ನಾಲ್ಕು ಜನರ ಮುಖ ನೋಡುತ್ತಿದ್ದಾನೆ. ಪಕ್ಕದಲ್ಲಿರುವವಳು ಸೊಯ್ಲಾ ಅಲ್ಲ ಎಂದರೆ ಮತ್ತೆ ಬ್ರೆಡ್ಡಿಗೆ ಬೀಳುತ್ತಾನೆ, ಈ ಸಲ ಏಳುವುದಿಲ್ಲ. ಹೇಳದಿದ್ದರೆ, ಹೆಸರೂ ಗೊತ್ತಿಲ್ಲದ ಹೆಣ್ಣನ್ನು ಹೆಂಡತಿ ಎಂದುಕೊಂಡು ದಿನಾ ಮನೆಯವರೆಗೆ ಕರೆತರುತ್ತಾನೆ. ಯಾವುದು ಪಾಪ ಎಂದು ಅವಳಿಗೆ ತಿಳಿಯಲಿಲ್ಲ. ಸೊಯ್ಲಾಳೇ ಆಗಿರಲೂಬಹುದು ಎಂಬ ಒಂದೇ ಆಸೆ ಉಳಿದಿತ್ತು, ಅದನ್ನು ಗುಂಡಿಯೇ ಹೇಳಬೇಕಿತ್ತು.

ಮರುದಿನ ಹೊಲಿಗೆ ಬಿಗಿ ಮಾಡಬೇಕೆಂದು ನೆಪ ಹೇಳಿ ಬಟ್ಟೆ ಸುಲಿದಳು. ತಾನೇ ಹೊಸದಾಗಿ ತುಂಬಿದ್ದ, ಎರಡು ತಿಂಗಳು ಯಾರೂ ಕೂರದ ಸ್ಪಂಜು. ಅಂಗೈ ಇಟ್ಟಳು. ಗುಂಡಿಯಿತ್ತು.

ಎಡ ಅಂಚು ಹಾಗೇ ಉಬ್ಬಿಕೊಂಡಿತ್ತು, ಸೂಜಿಯಷ್ಟೂ ಕುಸಿದಿರಲಿಲ್ಲ. ಕುಸಿದಿದ್ದು ಮುಂತುದಿ, ಬಾಗಿಲ ಮಗ್ಗುಲು. ಪುಟ್ಟ ಮೈ. ಒರಗದೆ, ತುದಿಯಲ್ಲಿ ಮುದುರಿ, ಕಿಟಕಿಯಾಚೆ ನೋಡುತ್ತ ಕೂತ ಮೈ. ಅಂಗೈ ಅಡಿಯಲ್ಲಿ ಸ್ಪಂಜು ಬೆಚ್ಚಗಿತ್ತು.

ಬೆನ್ನ ಹಿಂದೆ ಎಲಿಹಿಯೊ ನಿಂತಿದ್ದ. "ಅವಳೇ ತಾನೇ?"

ನೆರೇಯ್ದಾ ಹೌದು ಎನ್ನಲು ಬಾಯಿ ತೆರೆದಳು. ಆ ಪದಕ್ಕೆ ನಾಲಿಗೆ ತಿರುಗಲಿಲ್ಲ. ಕಣ್ಣಲ್ಲಿ ನೀರು ಬಂತು, ಅದಕ್ಕೆ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

"ಅಳಬೇಡ್ವೇ" ಎಂದ ಮುದುಕ. "ನಂಗೊತ್ತು. ಮೊದಲ ವಾರಾನೇ ಗೊತ್ತಾಯ್ತು. ನನ್ ಸೊಯ್ಲಾ ಆ ತಿರುವಿಂದ ಊರಿನ ತನಕ ಬಾಯಿ ಮುಚ್ಕೊಂಡು ಕೂರ್ತಾಳಾ? ಗೇರ್ ಸರಿಯಾಗಿ ಹಾಕಲಿಲ್ಲ ಅಂತ ತಲೆ ತಿಂದಿರೋಳು."

"ಮತ್ತೆ ಯಾಕಯ್ಯಾ ಹಂಗ್ ಹೇಳ್ಕೊಂಡು ತಿರುಗ್ತಿದ್ದೆ?"

"ಬೇರೆ ಯಾರೋ ಅಂದ್ರೆ ನೀನು ಸೀಟು ಕಿತ್ತು ಹಾಕ್ತಿದ್ದೆ." ಅವನು ಸೀಟಿನ ಕಡೆ ನೋಡಿದ. "ಅದು ಯಾರ ಮನೆ ಮಗುವೋ. ಬಿಸಿಲಲ್ಲಿ ರಸ್ತೆ ಬದೀಲಿ ನಿಂತು ದಿನಾ ನನ್ ಗಾಡಿ ಕಾಯುತ್ತೆ. ಅಲ್ಲೇ ಬಿಟ್ಟು ಬರ್ಲಾ? ಆದ್ರೆ ನೆಮ್ಮದಿಯಾಗಿ ಕೂರಲ್ಲ ಕಣೇ. ಸೀಟು ದೊಡ್ಡದಾಯ್ತೇನೋ. ಅವಳ ಅಳತೆಗೆ ಮಾಡ್ಕೊಡು."

ಅಳತೆ ಬೇಕಾದರೆ ಗಿರಾಕಿ ಬೇಕು. ಮಧ್ಯಾಹ್ನ ಇಬ್ಬರೂ ತಿರುವಿಗೆ ಹೋದರು. ಎಲಿಹಿಯೊ ಗಾಡಿ ನಿಲ್ಲಿಸಿ, ಎಂಜಿನ್ ಆರಿಸದೆ, ಎದುರಿನ ರಸ್ತೆಯನ್ನೇ ನೋಡುತ್ತ ಕೂತ. ದೀಪ ಹತ್ತಿತು, ಬೆಲ್ಟು ಬಿಗಿಯಿತು. ನೆರೇಯ್ದಾ ಹಿಂದಿನಿಂದಿಳಿದು ಬಲಬಾಗಿಲು ತೆರೆದಳು. ಟೇಪು ಹಿಡಿದು, ಸೀಟಿನ ಬೆನ್ನಿಗೂ ಬೆಲ್ಟಿಗೂ ನಡುವೆ ಕೈ ತೂರಿಸಿದಳು. ಬೆರಳು ಒಂದು ಗೇಣು ಹೋಗಿ ಏನಕ್ಕೋ ತಾಗಿ ನಿಂತಿತು. ಎದುರಿಗೆ ಬಿಸಿಲು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ.

ನಲವತ್ತು ವರ್ಷ ಗಿರಾಕಿಗಳಿಗೆ ಹೇಳಿದ ಮಾತು, ಅವಳು ಯೋಚಿಸುವ ಮೊದಲೇ ಬಾಯಿಗೆ ಬಂತು.

"ಸ್ವಲ್ಪ ಹಿಂದಕ್ಕೆ ಒರಗು ಮಗಾ."

ಸ್ಪಂಜು ಉಸಿರುಬಿಟ್ಟಿತು. ಪುಟ್ಟ ಬೆನ್ನೊಂದು ಅವಳ ಕೈಯನ್ನು ಮೆಲ್ಲಗೆ ಸೀಟಿಗೆ ಒತ್ತಿಕೊಂಡಿತು. ನೆರೇಯ್ದಾ ಕೈ ಎಳೆದುಕೊಳ್ಳಲಿಲ್ಲ.