ದೊಡ್ಡವ್ವ ಬಿಟ್ಟ ಮೂಲೆಗಳು

ಹೋದ ವಾರ ಅಟ್ಟದ ಸಾಮಾನು ಇಳಿಸುವಾಗ ಒಂದು ಕುಡುಗೋಲು ಸಿಕ್ಕಿತು. ಸವೆದು ಸವೆದು ಬೆರಳಗಲಕ್ಕೆ ಬಂದಿದೆ, ಹಿಡಿಗೆ ಹಸಿರು ಸೀರೆಯ ಅಂಚು ಸುತ್ತಿದೆ. ನಮ್ಮ ಮನೆಯದಲ್ಲ. ಗೊರೇಬಾಳದಲ್ಲಿ ನಮ್ಮ ಹೊಲಕ್ಕೆ ಹೊಂದಿಕೊಂಡೇ ಹೊಲವಿದ್ದ ದೊಡ್ಡವ್ವನದು. ರಕ್ತಸಂಬಂಧವೇನೂ ಇರಲಿಲ್ಲ. ಇಬ್ಬರಿಗೂ ಬದು ಒಂದೇ ಇತ್ತು, ದೊಡ್ಡವ್ವ ಎನ್ನಲು ಅಷ್ಟೇ ಸಾಕಿತ್ತು.

ಆಕೆ ಗುರುಗುಂಟಾ ಕಡೆಯವಳು. ಜೋಳ, ತೊಗರಿಯ ಒಣಭೂಮಿಯಿಂದ ಕಾಲುವೆ ನೀರಿನ ಊರಿಗೆ ಸೊಸೆಯಾಗಿ ಬಂದವಳು. ಭತ್ತ ಬೆಳೆಯುತ್ತಲೇ ಮುದುಕಿಯಾದರೂ ಅನ್ನ ಉಂಡರೆ ಊಟ ಮಾಡಿದಂತಲ್ಲ ಎನ್ನುತ್ತಿದ್ದಳು. ತವರಿನಿಂದ ತಂದ ಇನ್ನೊಂದು ಹಟವೆಂದರೆ ಹಕ್ಕಲು. ಕೊಯ್ಲಾದ ಹೊಲದಲ್ಲಿ ಉಳಿದ ತೆನೆಗಳನ್ನು ಹೊಲವಿಲ್ಲದ ಹೆಂಗಸರು ಆಯ್ದುಕೊಳ್ಳಬೇಕು; ಅವರು ಬಂದು ಹೋಗುವ ತನಕ ದನ ಬಿಡಬಾರದು, ಹುಲ್ಲಿಗೆ ಬೆಂಕಿ ಹಚ್ಚಬಾರದು.

ಕೊಯ್ಯುವ ಮಷೀನು ಬಂದ ಮೇಲೆ ಹಕ್ಕಲಿಗೆ ಏನೂ ಉಳಿಯದಂತಾಯಿತು. ಆದರೆ ಮಷೀನು ಸಣ್ಣ ಹೊಲದ ಮೂಲೆಯಲ್ಲಿ ತಿರುಗುವುದಿಲ್ಲ. ಹಾಗಾಗಿ ನಾವೆಲ್ಲ ನಾಲ್ಕು ಮೂಲೆಗಳನ್ನು ಮೊದಲೇ ಕೈಯಿಂದ ಕೊಯ್ದು, ಕಟ್ಟಿದ ಸಿವುಡುಗಳನ್ನೂ ಮಷೀನಿನ ಬಾಯಿಗೇ ಹಾಕುತ್ತಿದ್ದೆವು. ದೊಡ್ಡವ್ವ ಹಾಕುತ್ತಿರಲಿಲ್ಲ. ಈ ಕುಡುಗೋಲಿನಿಂದ ಕೊಯ್ದ ಮೂಲೆಯ ಬೆಳೆ ಹಕ್ಕಲಿನವರದು. ಅದೂ ವರ್ಷದಿಂದ ವರ್ಷಕ್ಕೆ ಆಕೆಯ ಮೂಲೆ ದೊಡ್ಡದಾಗುತ್ತಲೇ ಹೋಯಿತು!

"ದೊಡ್ಡವ್ವಾ, ಇಷ್ಟ ದೊಡ್ಡ ಮೂಲ್ಯಾಗ ತಿರಗೋದು ಮಷೀನೋ, ಕಬ್ಬಿನ ಲಾರಿನೋ?" ಎಂದು ಕಾಡಿಸುತ್ತಿದ್ದೆ.

"ಆರಾಮ ತಿರಗ್ಲಿ ಬಿಡೋ ತಮ್ಮಾ. ಅದಕ್ಕೇನ ಅವಸರ ಐತಿ?" ಎಂದು ತಂಬಾಕಿನ ಹಲ್ಲು ತೋರಿಸಿ ನಗುತ್ತಿದ್ದಳು. ಆ ಕಳ್ಳನಗು ನನಗೆ ಬಹಳ ಇಷ್ಟ...

ಆಮೇಲೆ ಸಿಂಧನೂರಿನ ಒಬ್ಬರು ನಮ್ಮ ಸಾಲಿನ ಹೊಲಗಳನ್ನೆಲ್ಲ ಲೀಜಿಗೆ ಕೇಳಿದರು. ಬದುಗಳನ್ನು ಒಡೆದು, ಮಟ್ಟ ಮಾಡಿ, ಎಲ್ಲವನ್ನೂ ಒಂದೇ ಹೊಲ ಮಾಡುವ ವಿಚಾರ. ಅವರ ಮಾತು ತಪ್ಪೇನಲ್ಲ. ತುಂಡು ಹೊಲದಲ್ಲಿ ಮಷೀನಿನ ಅರ್ಧ ಹೊತ್ತು ತಿರುಗುವುದರಲ್ಲೇ ಹೋಗುತ್ತದೆ. ನಮ್ಮಂಥವರಿಗೆ ಆಳು, ಗೊಬ್ಬರ ಹೊಂದಿಸುವುದರಲ್ಲೇ ಸಾಕುಸಾಕಾಗಿತ್ತು. ಮೊದಲು ಒಪ್ಪಿದವನು ನಾನೇ. ದೊಡ್ಡವ್ವನ ಹೊಲ ಮಾತ್ರ ನಟ್ಟನಡುವೆ ಉಳಿಯಿತು. ಆಕೆಯನ್ನು ಒಪ್ಪಿಸುವ ಕೆಲಸ ನನ್ನ ಕೊರಳಿಗೆ ಬಿತ್ತು.

ಆಕೆ ಕೇಳಿದ್ದು ಒಂದೇ. "ಎಲ್ಲಾ ಕೂಡಿ ಒಂದಾದ್ರ ಮೂಲಿ ಎಷ್ಟ ಉಳಿತಾವೋ?"

"ನಾಕು."

"ಈಗ ನಂದೊಂದರಾಗೇ ನಾಕ ಅದಾವಲ್ಲೋ!"

ಆಕೆಯ ಹೊಲಕ್ಕೆ ನೀರು ಹೋಗುವ ಕಾಲುವೆ ನಮ್ಮ ಹೊಲದಲ್ಲಿತ್ತು. ಅದನ್ನು ಮುಚ್ಚಿದರೆ ಏನು ಮಾಡುತ್ತೀ ಎಂದು ಕೇಳಿಬಿಟ್ಟೆ. ದೊಡ್ಡವ್ವ ಲೀಜಿನ ಕಾಗದ ಇಸಿದುಕೊಂಡು ಹೆಬ್ಬೆಟ್ಟು ಒತ್ತಿದಳು. ಆ ಮಾತಿಗೆ ಇಂದಿಗೂ ನನಗೆ ನಾಚಿಕೆಯಾಗುತ್ತದೆ. ಆಕೆ ಸಿಟ್ಟು ಇಟ್ಟುಕೊಳ್ಳಲಿಲ್ಲ. ಮರುದಿನ ಈ ಕುಡುಗೋಲು ಹಿಡಿದು ನಮ್ಮ ಮನೆಗೇ ಬಂದಳು. "ಇಟಗೋ ತಮ್ಮಾ, ನನಗಿನ್ನ ಇದರ ಕೆಲಸ ಇಲ್ಲ" ಎಂದಳು. ಎಂದಿನಂತೆ ಚಹಾಕ್ಕೆ ಸಕ್ಕರೆ ಸಾಲದೆಂದು ನನ್ನ ಹೆಂಡತಿಯ ಜೊತೆ ಜಗಳವಾಡಿ ಹೋದಳು.

ಎರಡು ವರ್ಷ ಬಿಟ್ಟು ತೀರಿಕೊಂಡಳು. ಮಣ್ಣಿಗೆ ಬಂದಿದ್ದ ಹೆಂಗಸರ ಗುಂಪು ನೋಡಿ ಗುರುಗುಂಟಾದ ಬೀಗರಿರಬೇಕು ಎಂದುಕೊಂಡಿದ್ದೆ. ಎಲ್ಲರೂ ಹಕ್ಕಲಿನವರು...

ಈ ಸಲದ ಕೊಯ್ಲಿನಲ್ಲಿ ನಾನು ರಸ್ತೆಯ ಮೇಲೆ ನಿಂತಿದ್ದೆ. ಮಷೀನು ಎಲ್ಲಿಯೂ ತಡೆಯದೆ ಒಂದೇ ಸಮನೆ ಓಡುತ್ತಿತ್ತು. ಮಸ್ಕಿ ಕಡೆಯ ಇಬ್ಬರು ಹೆಂಗಸರು ಬುಟ್ಟಿ ಹಿಡಿದು ಬಂದರು. "ಅಣ್ಣಾರ, ಇಲ್ಲೆ ಯಾರೋ ಮುದುಕಿ ನೆಲ್ಲಿನ ಮೂಲಿ ಬಿಡತಿದ್ಲಂತ. ಆಕಿ ಹೊಲ ಯಾವದ್ರೀ?" ಎಂದು ಕೇಳಿದರು.

ತೋರಿಸೋಣವೆಂದು ಕೈ ಎತ್ತಿದೆ. ಬದು ಇಲ್ಲ, ಕಾಲುವೆ ಇಲ್ಲ. ನಮ್ಮ ಹೊಲ ಎಲ್ಲಿ ಮುಗಿದು ದೊಡ್ಡವ್ವನದು ಎಲ್ಲಿ ಶುರುವಾಗುತ್ತಿತ್ತು ಎಂಬುದು ನನಗೇ ತಿಳಿಯಲಿಲ್ಲ.