ಹುಲಿತಲೆಯ ಕತ್ತಿನ ಗಾಯ

ಹಿತ್ತಾಳೆಗೆ ಹುಣಸೆಹಣ್ಣು ತಿಕ್ಕುವ ವಾಸನೆ ಬಂದರೆ ನನ್ನ ಹೆಬ್ಬೆರಳು ತಾನಾಗಿ ಚುರುಕಾಗುತ್ತದೆ. ಪೀಣ್ಯದ ಎರಕದ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ತಪಾಸಣೆ ಮಾಡಿದವನು ನಾನು. ಮದುವೆಮನೆಯ ಲೋಟದ ಅಂಚನ್ನೂ ಸವರಿ ನೋಡುವ ಚಟ. ಇವತ್ತು ಹೆಂಡತಿ ದೀಪಗಳ ಜೊತೆ ಶೋಕೇಸಿನ ಹುಲಿತಲೆಯನ್ನೂ ತೊಳೆಯಲು ಹಾಕಿದ್ದಳು. ನಿಂಬೆಹಣ್ಣಿನ ಗಾತ್ರದ್ದು. ಕತ್ತಿನ ಕೆಳಗೆ ಕೆಂಪು ಚೀಟಿ: ರಿಜೆಕ್ಟ್.

“ಇದನ್ನೂ ಬಿಟ್ಟಿಲ್ವಾ? ಈ ಜನ್ಮದಲ್ಲಿ ನೀವು ಪಾಸ್ ಮಾಡಿದ್ದು ಏನಾದ್ರೂ ಇದ್ಯಾ?” ಅಂದಳು.

ಅದರ ಕಥೆ ನಿಮಗಾದರೂ ಹೇಳುತ್ತೇನೆ. ಶ್ರೀರಂಗಪಟ್ಟಣ ಬಿದ್ದಾಗ ಬ್ರಿಟಿಷ್ ಕಂಪನಿಯ ಸೈನ್ಯದವರು ಸುಲ್ತಾನನ ಚಿನ್ನದ ಸಿಂಹಾಸನವನ್ನು ತುಂಡು ಮಾಡಿ ಹಂಚಿಕೊಂಡರಷ್ಟೆ. ಅದರ ಹುಲಿತಲೆಗಳು ಸಮುದ್ರ ದಾಟಿದವು. ಅಂಥದ್ದೊಂದರ ಹಿತ್ತಾಳೆ ನಕಲು ಇನ್ನೂರು ಬೇಕೆಂದು ವಿದೇಶದ ಅಂಗಡಿಯೊಂದರಿಂದ ನಮಗೇ ಆರ್ಡರ್ ಬಂತು! ಅವರು ಕಳಿಸಿದ ಮಾದರಿಯ ಕತ್ತಿನಲ್ಲಿ, ಸಿಂಹಾಸನದಿಂದ ಕಡಿದು ತೆಗೆದಾಗ ಬಿದ್ದ ಒರಟಾದ ಏಟಿನ ಗುರುತೂ ಇತ್ತು.

ಪಾಲಿಶ್ ಮಾಡುತ್ತಿದ್ದವನು ಬಸಪ್ಪ. ಕಿತ್ತೂರು ಕಡೆಯವನು, ಮಾಕಳಿಯಲ್ಲಿ ಬಾಡಿಗೆ ಕೋಣೆ. ಅವನ ಕೈಯಲ್ಲಿ ದೋಷ ಉಳಿಯುವುದುಂಟೆ? ಎರಕದಲ್ಲಿ ಮೂಡಿದ್ದ ಗಾಯವನ್ನೆಲ್ಲ ಅರದಿಂದ ಉಜ್ಜಿ, ಇನ್ನೂರನ್ನೂ ಬೆಣ್ಣೆಯಂತೆ ಮಾಡಿಟ್ಟ. ನಾನೂ ಸವರಿ ಸೈ ಅಂದು ಸಹಿ ಹಾಕಿದೆ. ಫೋಟೊ ನೋಡಿದ ಗಿರಾಕಿ ಪೂರ್ತಿ ಲಾಟನ್ನು ತಿರಸ್ಕರಿಸಿದ.

“ಏನ್ ಗುರು ಇದು? ಆ ಗಾಯಾನೇ ಅವ್ರಿಗೆ ಬೇಕಂತೆ,” ಎಂದು ಮಾಲೀಕರು ರೇಗಿದರು. “ಉಳಿ ತಗೊಂಡು ಹೊಡಿಯಕ್ಕೆ ಹೇಳಿ. ಇಲ್ಲಾಂದ್ರೆ ಬಸಪ್ಪನ್ನ ಮನೆಗೆ ಕಳಿಸ್ತೀನಿ.”

ಬಸಪ್ಪ ಒಂದು ತಲೆಯನ್ನು ತಿರುಗಿಸಿ ತಿರುಗಿಸಿ ನೋಡಿದ. “ಇದನ್ನ ಮೊದಲ ಹೊಡದಾಂವ ಯಾರಿರಬೇಕ್ರೀ? ಹೊಡಿಯೂ ಮುಂದ ಅವನ ಕೈ ನಡುಗಿತ್ತೇನ್ರೀ?”

“ನಂಗೇನಪ್ಪಾ ಗೊತ್ತು? ಹೊಡಿ, ಇಲ್ಲಾಂದ್ರೆ ಕೆಲಸ ಹೋಗತ್ತೆ,” ಅಂದೆ.

“ನಮ್ಮ ಕಿತ್ತೂರ ರಾಣಿ ವಾಡೇನೂ ಇದ ಕಂಪನಿಯವರು ಹಿಂಗ ಲೂಟಿ ಮಾಡ್ಯಾರ. ನನ್ನ ಕೈಲೆ ಆಗಂಗಿಲ್ರೀ.” ಉಳಿಯನ್ನು ನನ್ನ ಮೇಜಿನ ಮೇಲಿಟ್ಟ.

ಅವನ ಕೆಲಸ ಉಳಿಸಲೆಂದೇ ನಾನು ಉಳಿ ಹಿಡಿದೆ ಎಂದುಕೊಂಡೆ. ಕಳ್ಳನಿಗೊಂದು ಪಿಳ್ಳೆ ನೆವ. ನಾನು ಸಹಿ ಹಾಕಿದ ಲಾಟು ತಿರಸ್ಕಾರವಾದ ಅವಮಾನವೂ ಇತ್ತು. ನೂರತೊಂಬತ್ತೊಂಬತ್ತು ಮುಗಿಸಿದೆ. ಕೊನೆಯದನ್ನು ಬಸಪ್ಪ ಮುಷ್ಟಿಯಿಂದ ಬಿಡಲಿಲ್ಲ. ಲೆಕ್ಕಕ್ಕಿರಲೆಂದು ಅದಕ್ಕೆ ನಾನೇ ರಿಜೆಕ್ಟ್ ಚೀಟಿ ಅಂಟಿಸಿದೆ. ನಾನು ಹಾಗೆ ಉಳಿಸಿಕೊಟ್ಟ ಕೆಲಸವನ್ನು ಅವನು ಇಟ್ಟುಕೊಳ್ಳಲಿಲ್ಲ. ತಿಂಗಳ ಕೊನೆಗೆ ಊರಿಗೆ ಹೊರಟಾಗ, “ನೀವ ಇಟ್ಕೋರಿ,” ಎಂದು ಆ ಹುಲಿತಲೆಯನ್ನು ನನ್ನ ಕೈಗೇ ಕೊಟ್ಟ.

ಇವತ್ತು ಹುಣಸೆನೀರಿಗೆ ಚೀಟಿ ಮೆತ್ತಗಾಗಿತ್ತು. ಉಗುರಿನಿಂದ ಕಿತ್ತು ಹಾಕಿ ಹೆಬ್ಬೆರಳು ಸವರಿದೆ. ಎಲ್ಲೂ ತರಚಲಿಲ್ಲ. ಬಸಪ್ಪನ ಪ್ರಶ್ನೆಗೆ ಉತ್ತರ ನನಗೆ ಅಂದೇ ಗೊತ್ತಾಗಿತ್ತು, ಹೇಳಲು ನಾಚಿಕೆಯಾಗಿತ್ತು. ಕೈ ನಡುಗುತ್ತದೆ ಬಸಪ್ಪ, ಮೊದಲ ನಾಲ್ಕೈದು ಏಟಿಗೆ. ಆಮೇಲೆ ರೂಢಿಯಾಗುತ್ತದೆ.